ಸೇತುವೆ ಎದ್ದಿತು, ತರಗತಿ ಒಂದಾಗಲಿಲ್ಲ

ಮಾನ್ಯ ಸಂಪಾದಕರೇ,

ಯುದ್ಧ ಮುಗಿದ ನಾಡುಗಳಿಗೆ ‘ಶಾಂತಿ ಕಲಿಸಲು’ ಹೊರಡುವ ಯುವಕರಿಗೊಂದು ಮಾತು. ನಾನೂ ಹಾಗೇ ಹೊರಟವನು. ಎರಡು ವರ್ಷದಿಂದ ಬೋಸ್ನಿಯಾದ ಮೋಸ್ತಾರ್‌ನಲ್ಲಿದ್ದೇನೆ. 1993ರಲ್ಲಿ ಶೆಲ್ ದಾಳಿಗೆ ನೆರೆತ್ವಾ ನದಿಗೆ ಕುಸಿದ ಹಳೆಯ ಸೇತುವೆ 2004ರಲ್ಲಿ ಮತ್ತೆ ಎದ್ದು ನಿಂತಿತು. ಪ್ರವಾಸಿಗರು ಅಲ್ಲಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಶಾಲೆಗಳತ್ತ ಯಾರೂ ಇಣುಕುವುದಿಲ್ಲ. ಇಲ್ಲಿನ ಯುದ್ಧಕ್ಕೆ ತೆರೆ ಎಳೆದ 1995ರ ಡೇಟನ್ ಒಪ್ಪಂದವಾಗಿ ದಶಕಗಳೇ ಕಳೆದರೂ ಕೆಲವೆಡೆ ಒಂದೇ ಸೂರಿನಡಿ ಬೋಸ್ನಿಯಾಕ್ (ಹೆಚ್ಚಾಗಿ ಮುಸ್ಲಿಮರು) ಮಕ್ಕಳಿಗೊಂದು ಪಠ್ಯ, ಕ್ರೊಯಾಟ್ (ಹೆಚ್ಚಾಗಿ ಕ್ಯಾಥೊಲಿಕರು) ಮಕ್ಕಳಿಗೆ ಇನ್ನೊಂದು.

ಮೊದಲ ತಿಂಗಳು ಚಾರ್ಟ್ ಅಂಟಿಸಿ ಸೌಹಾರ್ದದ ಬಗ್ಗೆ ಭಾಷಣ ಬಿಗಿಯುತ್ತಿದ್ದೆ. ಹದಿನೇಳರ ಹುಡುಗಿಯೊಬ್ಬಳು, ‘ನೀವು ವಾಪಸ್ ಹೋಗುವುದು ಯಾವಾಗ?’ ಎಂದಳು. ಯೋಜನೆ ಮುಗಿದಾಗ ಎಂದೆ. ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು, ಅಷ್ಟೇ. ಆಮೇಲೆ ನಾನು ಮಾತು ಕಡಿಮೆ ಮಾಡಿದೆ.

ಶಾಂತಿಯ ನಿರ್ಧಾರಗಳಲ್ಲಿ ಯುವಜನರಿಗೂ ಪಾಲಿರಬೇಕೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2015ರಲ್ಲೇ 2250ನೇ ನಿರ್ಣಯದಲ್ಲಿ ಹೇಳಿದೆ. ನಾನು ಕಂಡಂತೆ ಸ್ಥಳೀಯ ಹುಡುಗರು ಕುರ್ಚಿ ಜೋಡಿಸುತ್ತಾರೆ, ಸಂಬಳ ನಮ್ಮಂಥ ಹೊರಗಿನವರಿಗೆ. ಹಣ ಕೊಡುವವರು ಇದನ್ನೊಮ್ಮೆ ತಿರುಗುಮುರುಗು ಮಾಡಿ ನೋಡಲಿ.

– ಓರ್ವ ಓದುಗ, ಮೋಸ್ತಾರ್