ಈ ಭಾನುವಾರದ ಓದಿಗೆ ಬರುವ ಮೊದ್ಲು

ಎಲ್ಲರಿಗೂ ನಮಸ್ಕಾರ, ಭಾನುವಾರ ಸಂಜೆ 4 ಗಂಟೆಗೆ ಮಂಗಳೂರಿನ ಕದ್ರಿ ಪಾರ್ಕಲ್ಲೇ ಸೇರುವ, ಮಳೆ ಬಂದ್ರೆ ಬೇರೆ ಜಾಗ ಇಲ್ಲೇ ಹಾಕ್ತೇನೆ. ಪುಸ್ತಕ ಶಿವರಾಮ ಕಾರಂತರ ಕಾದಂಬರಿ ಚೋಮನ ದುಡಿ, 1933ರದ್ದು. ಈ ಸಲ ಕತೆ ಒಳಗೆ ದುಡ್ಡು ಎಲ್ಲಿಂದ ಎಲ್ಲಿಗೆ ಹೋಗ್ತದೆ ಅಂತ ನೋಡ್ಕೊಂಡು ಓದಿ ಮಾರ್ರೆ, ಭೂಮಿ ಯಾರ ಕೈಲುಂಟು, ಸಾಲ ಕೊಟ್ಟವ ಯಾರು, ಅದನ್ನ ತೀರಿಸ್ಲಿಕ್ಕೆ ಯಾರ ಮೈ ಸವೀತದೆ. ಚೋಮನ ಹತ್ರ ಎತ್ತು ಉಂಟು, ಉಳುವ ಆಸೆ ಉಂಟು, ಗದ್ದೆ ಮಾತ್ರ ಇಲ್ಲ, ನಂಗೆ ಇಡೀ ಕಾದಂಬರಿಯ ನೋವು ಆ ಎತ್ತುಗಳಲ್ಲೇ ಕಾಣ್ತದೆ. ಚೋಮನ ಮಗಳು ಬೆಳ್ಳಿ ಸಾಲ ತೀರಿಸ್ಲಿಕ್ಕೆ ಕಾಫಿ ತೋಟಕ್ಕೆ ಹೋಗುವ ಭಾಗ ದಯವಿಟ್ಟು ನಿಧಾನಕ್ಕೆ ಓದಿ, ಸಾಲ ಅಂದ್ರೆ ಬರೀ ರೂಪಾಯಿ ಲೆಕ್ಕ ಅಲ್ಲ ಅಂತ ಅಲ್ಲಿ ಗೊತ್ತಾಗ್ತದೆ. ಜಾತಿ ಬೇರೆ ವರ್ಗ ಬೇರೆ ಅಂತ ಮಾತ್ರ ಮಾಡ್ಬೇಡಿ, ದಲಿತನಾದ ಚೋಮನಿಗೆ ಭೂಮಿ ಸಿಗದಿದ್ದದ್ದು ಎರಡೂ ಸೇರಿಯೇ.

ಮನೆಯಲ್ಲಿ ಅಜ್ಜ ಅಜ್ಜಿ ಇದ್ರೆ ಗೇಣಿ, ಅಂದ್ರೆ ಧಣಿಯ ಗದ್ದೆ ಉಳುವುದಕ್ಕೆ ಕೊಡ್ತಿದ್ದ ಪಾಲಿನ ಬಗ್ಗೆ ಕೇಳ್ಕೊಂಡು ಬನ್ನಿ, 1974ರ ಭೂಸುಧಾರಣೆಗಿಂತ ಮುಂಚೆ ಎಷ್ಟು ಮುಡಿ (ಹುಲ್ಲಲ್ಲಿ ಕಟ್ಟಿದ ಮೂಟೆ) ಅಕ್ಕಿ ಧಣಿ ಮನೆಗೆ ಹೋಗ್ತಿತ್ತು, ಎಷ್ಟು ಉಳೀತಿತ್ತು ಅಂತ. ಪುಸ್ತಕ ಇಲ್ಲದವರು ಮೆಸೇಜ್ ಮಾಡಿ, ನನ್ನತ್ರ ಎರಡು ಕಾಪಿ ಉಂಟು.