ತಾಯಿಯ ಹೆಸರನ್ನೂ ಸೇರಿಸು

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಸೇನಾ ಸೇವೆಯಿಂದಾದ ನಿನ್ನ ಅಂಗವೈಕಲ್ಯದ ರೇಟಿಂಗ್ (ಅದರ ತೀವ್ರತೆಯ ಅಳತೆ) ಶೇಕಡಾ 70 ಎಂದು ತೀರ್ಮಾನವಾದ ಪತ್ರ ಕಳೆದ ತಿಂಗಳು ಬಂದಿತೆಂದು ನಿನ್ನ ತಾಯಿ ಫೋನಿನಲ್ಲಿ ತಿಳಿಸಿದರು. ಹೆಂಡತಿ ಮಕ್ಕಳ ಹೆಸರನ್ನು ನೀನು ಅವಲಂಬಿತರನ್ನು ಸೇರಿಸುವ 686ಸಿ ಅರ್ಜಿಯಲ್ಲಿ ಸೇರಿಸಿದ್ದೀಯಂತೆ. ಒಟ್ಟು ರೇಟಿಂಗ್ ಶೇಕಡಾ 30 ಅಥವಾ ಅದಕ್ಕಿಂತ ಹೆಚ್ಚಿರುವ ಮಾಜಿ ಸೈನಿಕನಿಗೆ, ಅವನನ್ನು ನಂಬಿ ಬದುಕುವ ತಂದೆತಾಯಿಯರ ಸಲುವಾಗಿಯೂ ಅಮೆರಿಕದ ವೆಟರನ್ಸ್ ಅಫೇರ್ಸ್ ಇಲಾಖೆ ತಿಂಗಳ ಪರಿಹಾರವನ್ನು ಹೆಚ್ಚಿಸುತ್ತದೆ. ಅದಕ್ಕೆ 21ಪಿ-509 ಎಂಬ ಬೇರೆಯೇ ಅರ್ಜಿಯಿದೆ.

ತಾಯಿ ನಿನ್ನ ಮನೆಯಲ್ಲಿದ್ದಾರೆ, ಖರ್ಚೆಲ್ಲ ನಿನ್ನದೇ ಎಂದು ಬರೆದರೆ ಸಾಲದು. ಅವರ ಸ್ವಂತ ಆದಾಯ ಅವರ ಊಟ, ವಸತಿ, ಬಟ್ಟೆ, ಔಷಧಿಗಳಿಗೆ ಸಾಲುವುದಿಲ್ಲವೆಂದು ಲೆಕ್ಕ ತೋರಿಸಬೇಕು. ಒಂಟಿಯಾಗಿರುವ ತಾಯಿಯ ತಿಂಗಳ ಆದಾಯ 400 ಡಾಲರ್ ಮೀರದಿದ್ದರೆ ನಿಯಮವೇ ಅವಲಂಬನೆಯನ್ನು ಒಪ್ಪಿಕೊಳ್ಳುತ್ತದೆ. ಆದರೆ ಈ ಅನುಕೂಲ ಹೊರದೇಶದಲ್ಲಿ ನೆಲೆಸಿರುವ ತಂದೆತಾಯಿಯರಿಗೆ ಅನ್ವಯಿಸುವುದಿಲ್ಲವಾದ್ದರಿಂದ, ಅವರು ಮುಂದೆ ಶಿವಮೊಗ್ಗಕ್ಕೇ ಮರಳುವ ಯೋಚನೆಯಿದ್ದರೆ ಅದನ್ನೂ ಗಮನದಲ್ಲಿಟ್ಟುಕೋ. ನಿನ್ನ ತಂದೆಯ ಕಡೆಯಿಂದ ಬರುವ ಕುಟುಂಬ ಪಿಂಚಣಿ, ಊರಿನ ಮನೆಯ ಬಾಡಿಗೆ, ತೋಟದ ಅಡಿಕೆಯ ಪಾಲು ಎಲ್ಲವನ್ನೂ ರೂಪಾಯಿಯೆಂದು ಬಿಡದೆ ಬರೆ. ನಿನ್ನ ಜನನ ಪ್ರಮಾಣಪತ್ರದಲ್ಲಿರುವ ಅವರ ಹೆಸರಿಗೂ ಪಾಸ್‌ಪೋರ್ಟಿನ ಹೆಸರಿಗೂ ಒಂದಕ್ಷರದ ವ್ಯತ್ಯಾಸವಿದ್ದರೂ ಮೊದಲೇ ವಿವರಣೆ ಸಿದ್ಧಮಾಡಿಕೋ. ನಮ್ಮ ಕಡೆಯವರಿಗೆ ತೊಡಕಾಗುವುದು ಹೆಚ್ಚಾಗಿ ಇಲ್ಲಿಯೇ.

ರೇಟಿಂಗ್ ತಿಳಿಸಿದ ದಿನದಿಂದ ಒಂದು ವರ್ಷದೊಳಗೆ ದಾಖಲೆ ತಲುಪಿದರೆ, ತಾಯಿ ಆಗಲೇ ಅವಲಂಬಿತರಾಗಿದ್ದ ಪಕ್ಷದಲ್ಲಿ, ಹೆಚ್ಚುವರಿ ಮೊತ್ತ ರೇಟಿಂಗ್ ಜಾರಿಯಾದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ನೌಕಾಪಡೆಯಿಂದ ಹೊರಬಂದ ಮೇಲೆ ನಿನ್ನ ಅಜ್ಜಿಯ ವಿಷಯದಲ್ಲಿ ನಾನು ಈ ಅವಧಿಯನ್ನು ಕಳೆದುಕೊಂಡೆ. ಹೆತ್ತವಳನ್ನು ಸಾಕುವುದಕ್ಕೆ ಸರಕಾರದ ಹಣ ಕೇಳುವುದೇ ಎಂಬ ಸಂಕೋಚ ನನ್ನನ್ನು ಮೂರು ವರ್ಷ ತಡೆದಿತ್ತು. ಆ ಹಣ ಅವರ ಕಣ್ಣಿನ ಚಿಕಿತ್ಸೆಗೆ ಒದಗಬಹುದಿತ್ತೆಂಬ ನೋವು ಈಗಲೂ ಇದೆ. ನಿನ್ನ ಬೆನ್ನಿಗಾದ ಗಾಯದಿಂದ ಕುಗ್ಗಿರುವ ದುಡಿಮೆಯನ್ನು ತಾಯಿಯೂ ಆಶ್ರಯಿಸಿದ್ದಾರೆ ಎಂಬ ನಿಜವನ್ನಷ್ಟೇ ನೀನು ಇಲ್ಲಿ ತಿಳಿಸುತ್ತಿರುವುದು.

ಅರ್ಜಿ ತುಂಬಿಸಲು ಹಣ ಕೇಳುವವರ ಬಳಿ ಹೋಗಬೇಡ. ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ವೆಟರನ್ಸ್ ಸರ್ವಿಸ್ ಆಫೀಸರ್, ಅಂದರೆ ಮಾಜಿ ಸೈನಿಕರ ನೆರವಿನ ಅಧಿಕಾರಿ, ಉಚಿತವಾಗಿ ನೆರವಾಗುತ್ತಾರೆ. ತಾಯಿಯ ಆದಾಯ ಹೆಚ್ಚಿದರೆ ಕೂಡಲೇ ಇಲಾಖೆಗೆ ತಿಳಿಸು, ಇಲ್ಲವಾದರೆ ಹೆಚ್ಚು ಪಡೆದದ್ದು ನಿನ್ನ ಮೇಲೆ ಸಾಲವಾಗಿ ನಿಲ್ಲುತ್ತದೆ. ತಾಯಿಯ ಪಾಸ್‌ಬುಕ್ ಕೇಳುವ ಮುನ್ನ ಅದು ಯಾಕೆಂದು ಅವರ ಪಕ್ಕದಲ್ಲಿ ಕುಳಿತು ಹೇಳು. ಮಗನಿಗೆ ಹೊರೆಯಾದೆನೆಂದು ಅವರು ಭಾವಿಸಬಾರದು.

ನಿನ್ನ ದೊಡ್ಡಪ್ಪ