ದುಡ್ಡು ಬ್ಯಾಟರಿಗೂ ಆಂಟೆನಾಕ್ಕೂ ಹೋಗಲಿ

ಫ್ರೈಬುರ್ಗ್, ಜರ್ಮನಿ

ಪ್ರೀತಿಯ ಅಣ್ಣ,

ನಮ್ಮ ಮಾದಾಪುರದಲ್ಲಿ ಊರಿನವರೇ ನಡೆಸುವ ಸಮುದಾಯ ಬಾನುಲಿ ಕಟ್ಟಲು ಸಂಘಕ್ಕೆ ಬಂದ ಕೊಟೇಶನ್ನಿನ ಫೋಟೋ ನೋಡಿದೆ. ಸ್ಟುಡಿಯೋ ಸಾಫ್ಟ್‌ವೇರಿಗೇ ಅಷ್ಟು ದುಡ್ಡು, ಅದರ ಮೇಲೆ ವರ್ಷವರ್ಷವೂ ನವೀಕರಣ ಶುಲ್ಕ! ದಯವಿಟ್ಟು ಸಹಿ ಹಾಕಬೇಡಿ. ಅದೇ ಕೆಲಸ ಮಾಡುವ ಸಾಫ್ಟ್‌ವೇರ್ ಮೂಲ ಕೋಡ್ ಸಮೇತ ಪುಕ್ಕಟೆ ಸಿಗುತ್ತದೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2018ರ ಆಗಸ್ಟ್ ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ಕೊಡಗಿನ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಜಾರಿದಾಗ ನಿಮಗೆ ಕರೆಂಟೂ ಇರಲಿಲ್ಲ, ಫೋನಿಗೆ ಟವರೂ ಇರಲಿಲ್ಲ. ಯಾವ ರಸ್ತೆ ಉಳಿದಿದೆ, ಗಂಜಿ ಕೇಂದ್ರ ಎಲ್ಲಿ ತೆರೆದಿದ್ದಾರೆ ಅನ್ನುವುದೆಲ್ಲ ಬಾಯಿಂದ ಬಾಯಿಗೆ ಹೋಗಬೇಕಿತ್ತು. ಮಾದಾಪುರದಲ್ಲಿ ರೇಡಿಯೋ ಕಟ್ಟುವುದಾದರೆ ಅದು ಅಂಥ ರಾತ್ರಿಯಲ್ಲಿ ಮಾತಾಡಬೇಕು. ಉಳಿದ ದಿನಗಳಿಗೆ ನಮಗೆ ಮಡಿಕೇರಿ ಆಕಾಶವಾಣಿ ಇದ್ದೇ ಇದೆ.

ಇಲ್ಲಿ ರಜೆಯಲ್ಲಿ ನಾನು ಕೈಜೋಡಿಸುವ ಸಣ್ಣ ಸ್ಟೇಷನ್ನಿನಲ್ಲಿ, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರೇ ಎಲ್ಲವನ್ನೂ ನಡೆಸುತ್ತದೆ. ಅದರಲ್ಲಿರುವುದು ಲಿಬ್ರೆಟೈಮ್, ಕಾರ್ಯಕ್ರಮಗಳನ್ನು ಹೊತ್ತಿಗೆ ಸರಿಯಾಗಿ ತಾನೇ ಹಾಕುವ ಸಾಫ್ಟ್‌ವೇರ್. ಬ್ರೌಸರಿನಲ್ಲಿ ಕ್ಯಾಲೆಂಡರ್ ತೆರೆದು, ಬೆಳಿಗ್ಗೆ ಆರಕ್ಕೆ ಇದು, ಏಳಕ್ಕೆ ಅದು ಎಂದು ಕೂರಿಸಿಬಿಟ್ಟರೆ ಮುಗಿಯಿತು. ಇಂಟರ್ನೆಟ್ ಹೋದರೂ ಚಿಂತೆಯಿಲ್ಲ, ಒಳಗಿನ ವೈಫೈ ಒಂದಿದ್ದರೆ ಸಾಕು. ಅದರ ಹೊಟ್ಟೆಯೊಳಗೆ ಲಿಕ್ವಿಡ್‌ಸೋಪ್ ಅಂತ ಇನ್ನೊಂದು ಪ್ರೋಗ್ರಾಂ ಕೂತಿರುತ್ತದೆ. ನನಗೆ ಬಹಳ ಇಷ್ಟವಾದದ್ದು ಅದೇ. ಮೈಕಿನ ಲೈನ್ ಕಡಿದರೆ ಪಟ್ಟಿಯಲ್ಲಿರುವ ಕಾರ್ಯಕ್ರಮಕ್ಕೆ ಹೋಗು, ಅದೂ ಇಲ್ಲದಿದ್ದರೆ ಮೊದಲೇ ಇಟ್ಟ ಧ್ವನಿಮುದ್ರಣ ಹಾಕು ಎಂದು ನಾಲ್ಕು ಸಾಲು ಬರೆದಿಟ್ಟರೆ, ಯಾರೂ ಇಲ್ಲದ ಹೊತ್ತಿನಲ್ಲೂ ಸ್ಟೇಷನ್ ಮೌನವಾಗುವುದಿಲ್ಲ. ಧ್ವನಿ ಕತ್ತರಿಸಿ ಜೋಡಿಸಲು ಆಡಾಸಿಟಿ ಸಾಕು. ಅತ್ತಿಗೆ ಒಂದು ಮಧ್ಯಾಹ್ನದಲ್ಲಿ ಕಲಿಯುತ್ತಾರೆ.

ಈಗ ದುಡ್ಡು ಹಾಕಬೇಕಾದ ಕಡೆ. ಸಮುದಾಯ ಬಾನುಲಿಗೆ ಸಾಮಾನ್ಯವಾಗಿ 100 ವಾಟ್ ಮಿತಿ. ಅದು ಟ್ರಾನ್ಸ್‌ಮಿಟರ್ ಪೆಟ್ಟಿಗೆಯ ವಾಟ್ ಅಲ್ಲ, ಆಂಟೆನಾದಿಂದ ಹೊರಡುವ ಪರಿಣಾಮಕಾರಿ ಶಕ್ತಿಯ ಲೆಕ್ಕ. ಶಕ್ತಿಯನ್ನು ಆಕಾಶಕ್ಕೆ ಚೆಲ್ಲದೆ ಸುತ್ತಲಿನ ಊರುಗಳ ಕಡೆಗೇ ಒತ್ತಿ ಕಳಿಸುವ, 3 ಡೆಸಿಬೆಲ್ ಗೇನ್ (ಅಂದರೆ ಆ ದಿಕ್ಕಿಗೆ ಶಕ್ತಿ ಸುಮಾರು ಎರಡರಷ್ಟು) ಇರುವ ಆಂಟೆನಾ ಹಾಕಿದರೆ, ಕೇಬಲಿನ ನಷ್ಟವನ್ನು ಬದಿಗಿಟ್ಟು ನೋಡಿದಾಗ, 50 ವಾಟ್‌ನ ಟ್ರಾನ್ಸ್‌ಮಿಟರ್ 100 ವಾಟ್‌ನ ಕೆಲಸ ಮಾಡುತ್ತದೆ. ಅಂದರೆ ಅದೇ ಬ್ಯಾಟರಿ ಹೆಚ್ಚುಕಮ್ಮಿ ಎರಡರಷ್ಟು ಹೊತ್ತು ಬರುತ್ತದೆ! ಕರ್ಕಾಟಕ ತಿಂಗಳ ಮಳೆಯಲ್ಲಿ ದಿನಗಟ್ಟಲೆ ಕರೆಂಟ್ ಬಾರದ ನಮ್ಮೂರಿಗೆ ಇದಕ್ಕಿಂತ ದೊಡ್ಡ ಉಳಿತಾಯ ಬೇಕೇ? ದೊಡ್ಡ ಕಂಪ್ಯೂಟರಿನ ಬದಲು ಅಂಗೈಯಗಲದ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಇಟ್ಟರೆ ಅದು ತಿನ್ನುವುದು ಕೆಲವೇ ವಾಟ್.

ಟ್ರಾನ್ಸ್‌ಮಿಟರನ್ನು ಮಾತ್ರ ಅಗ್ಗಕ್ಕೆ ನೋಡಬೇಡಿ. ಎಫ್‌ಎಂ ಮುಗಿಯುವ 108 ಮೆಗಾಹರ್ಟ್ಸ್‌ನಿಂದಲೇ ವಿಮಾನಗಳ ದಾರಿಸಂಕೇತ ಶುರುವಾಗುತ್ತದೆ. ಫಿಲ್ಟರ್ ಸರಿಯಿಲ್ಲದ ಕಳಪೆ ಪೆಟ್ಟಿಗೆ ಅಲ್ಲಿಗೂ ಕೊಳೆ ಚೆಲ್ಲುತ್ತದೆ. ಮಿಂಚಿನಿಂದ ರಕ್ಷಣೆ, ಒಳ್ಳೆಯ ಅರ್ಥಿಂಗ್, ಇವೆರಡರಲ್ಲೂ ಚೌಕಾಸಿ ಬೇಡ.

ಎಫ್‌ಎಂ ಅಲೆ ಗುಡ್ಡ ಬಳಸಿ ಹೋಗುವುದು ಕಷ್ಟ. ಕಣ್ಣಿಗೆ ಕಾಣುವ ಕಡೆಗೇ ಚೆನ್ನಾಗಿ ಹೋಗುತ್ತದೆ. ಗೋಪುರವನ್ನು ನೆಲದಿಂದ 30 ಮೀಟರಿಗಿಂತ ಎತ್ತರಿಸುವಂತಿಲ್ಲ, ಹಾಗಾಗಿ ಜಾಗದ ಆಯ್ಕೆಯೇ ಎಲ್ಲ. ಪೇಟೆಯೊಳಗಿನ ಸಂಘದ ಕಟ್ಟಡ ತಗ್ಗಿನಲ್ಲಿದೆ, ನನಗೆ ಅದು ಒಪ್ಪಿಗೆಯಿಲ್ಲ. ತೋಟದ ಮೇಲಿನ ಗುಡ್ಡದ ಏಣು ನೋಡಿ.

ಈ ಊರಿಗೆ ಸುತ್ತ ಕಾಡು, ಗುಡ್ಡ. ನೋಡಿದಾಗೆಲ್ಲ ನಮ್ಮ ಕಡೆಯೇ ನೆನಪಾಗುತ್ತದೆ. 1977ರಲ್ಲಿ ಗಡಿಯಾಚೆ ಫ್ರಾನ್ಸಿನ ಫೆಸೆನ್‌ಹೈಮ್ ಅಣುಸ್ಥಾವರವನ್ನು ವಿರೋಧಿಸಿದ ಜನ ಪರವಾನಗಿಯಿಲ್ಲದೆ ರೇಡಿಯೋ ಶುರುಮಾಡಿದರು. ಅದೇ ಮುಂದೆ ಈ ಊರಿನ ರೇಡಿಯೋ ಡ್ರೈಯೆಕ್‌ಲಾಂಡ್ ಆಗಿ 1988ರಲ್ಲಿ ಪರವಾನಗಿ ಪಡೆಯಿತು. ನಮ್ಮ ಮೈಸೂರಿನಲ್ಲಿ ಅದಕ್ಕೂ ಬಹಳ ಮೊದಲೇ, 1935ರಲ್ಲಿ, ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಮಾಡಿದ್ದರಲ್ಲ!

ನೀವು ಮಾತ್ರ ಪರವಾನಗಿ ಬರುವವರೆಗೆ ಟ್ರಾನ್ಸ್‌ಮಿಟರ್ ಹಚ್ಚಬೇಡಿ. 2006ರ ನೀತಿಯಿಂದ ಸಂಘಸಂಸ್ಥೆಗಳಿಗೂ ಬಾಗಿಲು ತೆರೆದಿದೆ, ಒಬ್ಬೊಬ್ಬರ ಹೆಸರಿಗೆ ಕೊಡುವುದಿಲ್ಲ. ಕಾಗದಪತ್ರ ಓಡಾಡುವಷ್ಟರಲ್ಲಿ ಧ್ವನಿಮುದ್ರಣ ಶುರುಮಾಡಿ. ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಊರಿನವರೇ ಸೇರಿ ಮಾಡಿದ್ದಾಗಿರಬೇಕು. ಹೂಮಳೆ ಬಂದಾಗ ಕಾಫಿಗೆ ಏನು ಮಾಡಬೇಕೆಂದು ಅಪ್ಪ ನಮ್ಮ ಮನೆಮಾತು ಅರೆಭಾಷೆಯಲ್ಲೇ ಹೇಳಲಿ. ತೋಟದ ಕೆಲಸಗಾರರ ಲೈನ್‌ಮನೆಯಲ್ಲಿರುವ ಎರವ ಆದಿವಾಸಿಗಳು ತಮ್ಮ ಮಾತಿನಲ್ಲಿ ಹೇಳುವುದಕ್ಕೆ ಒಂದು ಗಂಟೆ ಖಾಯಂ ಇಡಿ. ಆನೆ ಯಾವ ತೋಟದಲ್ಲಿದೆ ಎಂದು ಮೊದಲು ಗೊತ್ತಾಗುವುದು ಕೆಲಸಕ್ಕೆ ಹೋಗುವ ಅವರಿಗೇ.

ನನ್ನ ಹಳೇ ಲ್ಯಾಪ್‌ಟಾಪ್ ಅಟ್ಟದ ಮೇಲಿದೆ, ಮಾರಬೇಡ. ಅದಕ್ಕೆ ಲಿನಕ್ಸ್ ಹಾಕುವುದನ್ನು ಭಾನುವಾರ ವಿಡಿಯೋ ಕಾಲ್‌ನಲ್ಲಿ ತೋರಿಸುತ್ತೇನೆ. ಅಷ್ಟರೊಳಗೆ ಏಣಿನ ಮೇಲೆ ನಿಂತು ನಾಲ್ಕು ದಿಕ್ಕಿಗೂ ಫೋಟೋ ತೆಗೆದು ಕಳಿಸು, ಮಂಜು ಇಲ್ಲದ ಹೊತ್ತು ನೋಡಿ.

ಅವ್ವನಿಗೆ ನಮಸ್ಕಾರ ಹೇಳು.

ನಿನ್ನ ತಮ್ಮ